ಸೀಸೆಯಲ್ಲಿ ಕಾದಿಟ್ಟ ನಿದ್ದೆ: ಅರಿವಳಿಕೆ ಔಷಧಗಳ ಒಂದು ಚರಿತ್ರೆ

ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಓದಲು ಕುಳಿತರೆ ನಮಗೆ ಮೊದಲು ಸಿಗುವುದು ದೊಡ್ಡ ದೊಡ್ಡ ಸರ್ಜನ್ನರ ಹೆಸರುಗಳು. ಅವರ ಪಕ್ಕದಲ್ಲಿ ನಿಂತು ರೋಗಿಗೆ ಅರಿವಳಿಕೆ ಕೊಟ್ಟವರ ಹೆಸರು ಎಲ್ಲೋ ಒಂದು ಮೂಲೆಯಲ್ಲಿರುತ್ತದೆ. ಆ ಅರಿವಳಿಕೆ ಔಷಧವನ್ನು ಸೀಸೆಯಲ್ಲಿ ಕೆಡದಂತೆ ಇಡಲು ಕಲಿತವರು ಯಾರು, ಕಲಿಯುವ ಮೊದಲು ಏನಾಗುತ್ತಿತ್ತು ಎಂದು ಕೇಳುವವರು ಬಹಳ ಕಡಿಮೆ. ನಮ್ಮ ಸಂಘದ ಕುಟುಂಬಗಳಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಔಷಧ ಕಂಪನಿಗಳಲ್ಲಿ ಕೆಲಸ ಮಾಡುವವರಿದ್ದಾರೆ. ಅವರಿಗೆ ಇದರಲ್ಲಿ ಕೆಲವು ಸಂಗತಿಗಳು ಹಳೆಯವಾಗಿ ಕಾಣಬಹುದು. ಉಳಿದ ನಮಗೆಲ್ಲ ಇದು ಹೊಸ ಕಥೆಯೇ. ಸ್ವಾರಸ್ಯವೂ ಇದೆ, ಎಚ್ಚರಿಕೆಯೂ ಇದೆ.

ವಿಷಯ ಅಷ್ಟೇನೂ ಅಪರಿಚಿತವಲ್ಲ. ಉಪ್ಪಿನಕಾಯಿ ಜಾಡಿಯನ್ನು ನಮ್ಮ ಅಜ್ಜಿಯಂದಿರು ಹೇಗೆ ಕಾಯುತ್ತಿದ್ದರು, ನೆನಪಿಸಿಕೊಳ್ಳಿ. ಒದ್ದೆ ಸೌಟು ಹಾಕಬಾರದು, ಬಾಯಿಗೆ ಬಟ್ಟೆ ಕಟ್ಟಬೇಕು, ಮೇಲೆ ಎಣ್ಣೆ ನಿಲ್ಲಬೇಕು, ಬೆಳಕು ಬೀಳದ ಕಡೆ ಇಡಬೇಕು. ಗಾಳಿ, ಬೆಳಕು, ನೀರು, ಶಾಖ ಇವು ನಾಲ್ಕೂ ಆ ಜಾಡಿಯ ಶತ್ರುಗಳು. ಅರಿವಳಿಕೆ ಔಷಧಗಳ ಶತ್ರುಗಳೂ ಇವೇ ನಾಲ್ಕು. ವ್ಯತ್ಯಾಸ ಇಷ್ಟೆ: ಉಪ್ಪಿನಕಾಯಿ ಕೆಟ್ಟರೆ ಚೆಲ್ಲಿ ಸುಮ್ಮನಾಗಬಹುದು. ಔಷಧ ಕೆಟ್ಟದ್ದು ಗೊತ್ತಾಗದಿದ್ದರೆ ಮೇಜಿನ ಮೇಲೆ ಮಲಗಿದ ರೋಗಿ ಅದರ ಬೆಲೆ ತೆರಬೇಕಾಗುತ್ತದೆ.

ಬಾಸ್ಟನ್ನಿನ ಈಥರ್, ಬ್ರೂಕ್ಲಿನ್ನಿನ ಬೆಂಕಿ

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ, ಗಿಲ್ಬರ್ಟ್ ಅಬಟ್ ಎಂಬ ಯುವಕನಿಗೆ ಈಥರಿನ ಆವಿಯನ್ನು ಉಸಿರಾಡಿಸಿದ. ಸರ್ಜನ್ ಜಾನ್ ಕಾಲಿನ್ಸ್ ವಾರನ್ ಆ ಯುವಕನ ಕುತ್ತಿಗೆಯ ಗಡ್ಡೆಯ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರು. ನೋವಿಲ್ಲದ ಶಸ್ತ್ರಚಿಕಿತ್ಸೆಯ ಯುಗ ಆ ದಿನದಿಂದ ಆರಂಭವಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಸಭಾಂಗಣವನ್ನು ಈಥರ್ ಡೋಮ್ ಎಂಬ ಹೆಸರಿನಲ್ಲಿ ಆಸ್ಪತ್ರೆಯವರು ಇಂದಿಗೂ ಉಳಿಸಿಕೊಂಡಿದ್ದಾರೆ.

ಸುದ್ದಿ ಕೆಲವೇ ತಿಂಗಳಲ್ಲಿ ಲೋಕವೆಲ್ಲ ಹರಡಿತು. ಆದರೆ ವೈದ್ಯರಿಗೆ ಒಂದು ತೊಂದರೆ ಎದುರಾಯಿತು. ಒಂದು ಸೀಸೆಯ ಈಥರ್ ಐದು ನಿಮಿಷಕ್ಕೆ ನಿದ್ದೆ ಬರಿಸಿದರೆ, ಇನ್ನೊಂದು ಸೀಸೆಯದು ಎಷ್ಟು ಕೊಟ್ಟರೂ ರೋಗಿಯನ್ನು ಕೆಮ್ಮಿಸುತ್ತಿತ್ತೇ ಹೊರತು ನಿದ್ದೆ ಬರಿಸುತ್ತಿರಲಿಲ್ಲ. ತಯಾರಿಸುವಾಗಲೇ ಅದರಲ್ಲಿ ಮದ್ಯಸಾರ, ನೀರು, ಆಮ್ಲ ಉಳಿದುಬಿಡುತ್ತಿದ್ದವು. ಇಟ್ಟಮೇಲೆ ಇನ್ನೊಂದು ಕಾಟ. ಈಥರಿಗೆ ಗಾಳಿ ಮತ್ತು ಬೆಳಕು ತಗುಲಿದರೆ ಅದರಲ್ಲಿ ಪೆರಾಕ್ಸೈಡ್ ಎಂಬ ವಸ್ತುಗಳು ನಿಧಾನವಾಗಿ ಹುಟ್ಟಿಕೊಳ್ಳುತ್ತವೆ. ಅವು ಉಸಿರಿನ ನಾಳಕ್ಕೆ ಉರಿ ತರುತ್ತವೆ. ಈಥರ್ ಆವಿಯಾಗಿ ಹೋದ ಮೇಲೆ ಸೀಸೆಯ ತಳದಲ್ಲಿ ಅವು ಗಟ್ಟಿಯಾಗಿ ಉಳಿದರೆ ಸಿಡಿಯಲೂಬಹುದು.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಎಡ್ವರ್ಡ್ ರಾಬಿನ್ಸನ್ ಸ್ಕ್ವಿಬ್ ಮುಖ್ಯರು. ಅವರು ಅಮೆರಿಕದ ನೌಕಾಪಡೆಯ ವೈದ್ಯರಾಗಿದ್ದರು. ಹಡಗಿನ ನಾವಿಕರಿಗೆ ಬರುತ್ತಿದ್ದ ಕಳಪೆ ಔಷಧಗಳನ್ನು ನೋಡಿ ರೋಸಿಹೋಗಿದ್ದ ಅವರು, ಬ್ರೂಕ್ಲಿನ್ನಿನ ನೌಕಾ ಆಸ್ಪತ್ರೆಯ ಪ್ರಯೋಗಾಲಯದಲ್ಲಿ 1854ರಲ್ಲಿ ಉಗಿಯ ಶಾಖದಿಂದ ಈಥರನ್ನು ಬಟ್ಟಿ ಇಳಿಸುವ ಉಪಕರಣವನ್ನು ರೂಪಿಸಿದರು. ಬರಿಯ ಬೆಂಕಿಯ ಮೇಲೆ ಈಥರ್ ಕಾಯಿಸುವುದು ಮದ್ದಿನ ಮನೆಯಲ್ಲಿ ದೀಪ ಹಚ್ಚಿದಂತೆ. ಉಗಿಯಾದರೆ ಜ್ವಾಲೆ ದೂರ ಉಳಿಯುತ್ತದೆ, ಶಾಖವೂ ಒಂದೇ ಮಟ್ಟದಲ್ಲಿರುತ್ತದೆ, ಪ್ರತಿ ಸಲವೂ ಒಂದೇ ಗುಣದ ಈಥರ್ ಸಿಗುತ್ತದೆ. ಈ ವಿಧಾನಕ್ಕೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಎಲ್ಲರೂ ಬಳಸಲೆಂದು 1856ರಲ್ಲಿ ಅದನ್ನು ಚಿತ್ರಸಹಿತ ಪ್ರಕಟಿಸಿದರು.

1858ರಲ್ಲಿ ಬ್ರೂಕ್ಲಿನ್ನಿನಲ್ಲಿ ಸ್ವಂತ ಪ್ರಯೋಗಾಲಯ ತೆರೆದರು. ಅದೇ ವರ್ಷದ ಕೊನೆಗೆ ಈಥರಿಗೆ ಬೆಂಕಿ ಹತ್ತಿಕೊಂಡಿತು. ಸ್ಕ್ವಿಬ್ ಅವರ ಮುಖ, ಕೈಗಳು ಸುಟ್ಟವು. ಕಣ್ಣಿನ ರೆಪ್ಪೆಗಳು ಸರಿಯಾಗಿ ಮುಚ್ಚಲಾಗದಷ್ಟು ಹಾಳಾದವು. ಲೋಕಕ್ಕೆ ನಿದ್ದೆ ತರುವ ಔಷಧವನ್ನು ಶುದ್ಧಗೊಳಿಸಿದ ಮನುಷ್ಯ ಆಮೇಲೆ ಕಣ್ಣು ಮುಚ್ಚಿ ಮಲಗಲು ಕಷ್ಟಪಡಬೇಕಾಯಿತು. ಆದರೂ ಕೆಲಸ ಬಿಡಲಿಲ್ಲ. ಅವರ ಹೆಸರಿನ ಕಂಪನಿ 1989ರಲ್ಲಿ ಬ್ರಿಸ್ಟಲ್ ಮೈಯರ್ಸ್ ಜೊತೆ ಸೇರಿತು. ಈ ದೇಶದಲ್ಲಿರುವ ನಮ್ಮಲ್ಲಿ ಹಲವರಿಗೆ ಆ ಹೆಸರು ಪರಿಚಿತ, ಹೆಸರಿನ ಹಿಂದಿನ ಸುಟ್ಟ ಗಾಯ ಅಷ್ಟು ಪರಿಚಿತವಲ್ಲ.

ಮುಂದೆ ಅರಿವಳಿಕೆಯ ಈಥರನ್ನು ದೊಡ್ಡ ಗಾಜಿನ ಸೀಸೆಗಳಲ್ಲಿ ತುಂಬುವ ಬದಲು ಸಣ್ಣ ಲೋಹದ ಡಬ್ಬಿಗಳಲ್ಲಿ ಮುಚ್ಚಿ ಮಾರುವ ಪದ್ಧತಿ ಬಂದಿತು. ಡಬ್ಬಿಯ ಒಳಗೆ ಬೆಳಕು ಇಳಿಯುವುದಿಲ್ಲ. ತಾಮ್ರದ ಸಂಪರ್ಕವಿದ್ದರೆ ಪೆರಾಕ್ಸೈಡ್ ಕೂಡಿಕೊಳ್ಳುವುದಿಲ್ಲ. ಡಬ್ಬಿ ಚಿಕ್ಕದಾದ್ದರಿಂದ ಒಮ್ಮೆ ತೆರೆದದ್ದನ್ನು ನಾಳೆಗೆ ಉಳಿಸುವ ಆಸೆಯೂ ಹುಟ್ಟುವುದಿಲ್ಲ.

ಶುದ್ಧವಾದಷ್ಟೂ ಬೇಗ ಕೆಡುವ ಕ್ಲೋರೋಫಾರ್ಮ್

ಕ್ಲೋರೋಫಾರ್ಮನ್ನು 1831ರ ಆಸುಪಾಸಿನಲ್ಲಿ ಮೂವರು ಬೇರೆ ಬೇರೆಯಾಗಿ ತಯಾರಿಸಿದರು: ನ್ಯೂಯಾರ್ಕ್ ರಾಜ್ಯದ ಸ್ಯಾಮ್ಯುಯೆಲ್ ಗಥ್ರಿ, ಫ್ರಾನ್ಸಿನ ಸುಬೇರಾನ್, ಜರ್ಮನಿಯ ಲೀಬಿಗ್. ಎಡಿನ್‌ಬರೋದ ಪ್ರಸೂತಿ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ 1847ರ ನವೆಂಬರ್ 4ರ ರಾತ್ರಿ ತಮ್ಮ ಇಬ್ಬರು ಸಹಾಯಕರೊಂದಿಗೆ ಊಟದ ಮನೆಯಲ್ಲೇ ಅದನ್ನು ಉಸಿರಾಡಿ ಪರೀಕ್ಷಿಸಿದರು. ಮೂವರೂ ಮೇಜಿನ ಕೆಳಗೆ ಉರುಳಿದರು. ಕೆಲವೇ ದಿನಗಳಲ್ಲಿ ಅದು ಹೆರಿಗೆಗೂ ಶಸ್ತ್ರಚಿಕಿತ್ಸೆಗೂ ಬಳಕೆಗೆ ಬಂದಿತು. 1853ರಲ್ಲಿ ವಿಕ್ಟೋರಿಯಾ ರಾಣಿಗೆ ಹೆರಿಗೆಯ ಸಮಯದಲ್ಲಿ ಡಾಕ್ಟರ್ ಜಾನ್ ಸ್ನೋ ಅವರು ಕ್ಲೋರೋಫಾರ್ಮ್ ಕೊಟ್ಟಮೇಲೆ ಜನರ ಅನುಮಾನಗಳೂ ಬಹುಮಟ್ಟಿಗೆ ಕರಗಿದವು.

ಆದರೆ ವೈದ್ಯರ ಅನುಮಾನ ಕರಗಲಿಲ್ಲ. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕಾಸಲ್ ಬಳಿ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲಿನ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರ್ಮ್ ಪಡೆದು, ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಆಮೇಲೆ ಅಂಥ ಸಾವುಗಳು ಒಂದರ ಹಿಂದೆ ಒಂದು ವರದಿಯಾದವು. ತಪ್ಪು ಯಾರದು? ರೋಗಿಯ ಹೃದಯದ್ದೇ, ಕೊಟ್ಟ ಕೈಯದೇ, ಇಲ್ಲ ಸೀಸೆಯೊಳಗಿನ ಔಷಧದ್ದೇ?

ಸೀಸೆಯ ಮೇಲೆ ಅನುಮಾನ ಪಡಲು ಕಾರಣವಿತ್ತು. ಕ್ಲೋರೋಫಾರ್ಮ್ ಬಿಳಿ ಗಾಜಿನಲ್ಲಿ, ಅರ್ಧ ತುಂಬಿದ ಸೀಸೆಯಲ್ಲಿ, ಬೆಳಕಿಗೆ ಇದ್ದರೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಡೆಯುತ್ತದೆ. ಆಗ ಹುಟ್ಟುವುದು ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫಾಸ್ಜೀನ್ ಅನಿಲ. ಮಳೆಗೆ ನೆನೆದು ಮುಗ್ಗಿದ ಹುಲ್ಲಿನ ವಾಸನೆ ಅದಕ್ಕೆ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಕಂದಕಗಳಿಗೆ ಬಿಟ್ಟ ವಿಷಾನಿಲಗಳಲ್ಲಿ ಇದೂ ಒಂದು. ನಿದ್ದೆಯ ಔಷಧ ಕಪಾಟಿನಲ್ಲಿ ಕುಳಿತಲ್ಲೇ ಯುದ್ಧದ ವಿಷವಾಗಬಲ್ಲದು ಎಂದರೆ ನಂಬುವುದು ಕಷ್ಟ, ಆದರೆ ಇದು ರಸಾಯನಶಾಸ್ತ್ರದ ಸರಳ ಸತ್ಯ. ಗ್ಯಾಸ್ ದೀಪದ ಜ್ವಾಲೆಯ ಹತ್ತಿರ ಕ್ಲೋರೋಫಾರ್ಮ್ ಬಳಸಿದಾಗಲೂ ಇದೇ ಅನಿಲ ಹುಟ್ಟಿ, ರಾತ್ರಿಯ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ವೈದ್ಯರು, ದಾದಿಯರು ಕೆಮ್ಮಿ ಹೊರಗೆ ಓಡಿಬರುವಂತಾಗುತ್ತಿತ್ತು.

ಇಲ್ಲೊಂದು ವಿಚಿತ್ರವಿದೆ. ಸಾವುಗಳಿಗೆ ಕಲ್ಮಶವೇ ಕಾರಣವೆಂದು ಬಗೆದು ತಯಾರಕರು ಕ್ಲೋರೋಫಾರ್ಮನ್ನು ಮತ್ತೆ ಮತ್ತೆ ಶುದ್ಧ ಮಾಡಿದರು. ಶುದ್ಧ ಮಾಡಿದಷ್ಟೂ ಅದು ಬೇಗ ಕೆಟ್ಟಿತು! ಕಾರಣ ಸ್ವಾರಸ್ಯದ್ದು. ತಯಾರಿಕೆಯಲ್ಲಿ ಉಳಿದುಬಿಡುತ್ತಿದ್ದ ತುಸು ಮದ್ಯಸಾರವೇ ಅದನ್ನು ಕಾಯುತ್ತಿತ್ತು. ಮದ್ಯಸಾರ ಒಡೆಯುವಿಕೆಯನ್ನು ತಡೆಯುತ್ತದೆ, ಹುಟ್ಟಿದ ಫಾಸ್ಜೀನನ್ನೂ ಹಿಡಿದು ಅಷ್ಟು ಅಪಾಯವಿಲ್ಲದ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಕಸವೆಂದು ತೆಗೆದು ಹಾಕಿದ್ದು ಕಾವಲುಗಾರನನ್ನು. ಇದು ಗೊತ್ತಾದ ಮೇಲೆ ಶುದ್ಧ ಕ್ಲೋರೋಫಾರ್ಮಿಗೆ ನೂರಕ್ಕೆ ಒಂದು ಪಾಲಿನಷ್ಟು ಮದ್ಯಸಾರವನ್ನು ಬೇಕೆಂದೇ ಬೆರೆಸುವ ಪದ್ಧತಿ ನೆಲೆಯೂರಿತು. ಜೊತೆಗೆ ಕಂದು ಬಣ್ಣದ ಸೀಸೆ, ಕಂಠದವರೆಗೆ ತುಂಬುವುದು, ತಂಪಿನಲ್ಲಿ ಇಡುವುದು. ನಮ್ಮ ಉಪ್ಪಿನಕಾಯಿ ಶಾಸ್ತ್ರವೇ.

ನಿಜಾಮರ ಹೈದರಾಬಾದಿನಲ್ಲಿ

ಈ ಕಥೆ ನಮ್ಮ ನಾಡಿನ ಪಕ್ಕಕ್ಕೂ ಬಂದಿದೆ. ಭಾರತದಲ್ಲಿ ಈಥರಿಗಿಂತ ಕ್ಲೋರೋಫಾರ್ಮ್ ಹೆಚ್ಚು ಕಾಲ ಆಳಿತು. ಅದಕ್ಕೆ ಒಂದು ಕಾರಣ ನಮ್ಮ ಬಿಸಿಲು. ಈಥರ್ 34.6 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ನಮಗೆಲ್ಲ ಗೊತ್ತು. ಅಲ್ಲಿ ಸೀಸೆಯ ಬಿರಡೆ ತೆಗೆದರೆ ಈಥರ್ ಒಲೆಯಿಲ್ಲದೆ ಕುದಿಯಬೇಕಾದ್ದೇ. ಕ್ಲೋರೋಫಾರ್ಮ್ ಕುದಿಯುವುದು 61 ಡಿಗ್ರಿಗೆ. ಅದಕ್ಕೆ ಬೆಂಕಿಯ ಭಯವಿಲ್ಲ, ಸ್ವಲ್ಪವೇ ಸಾಕು, ಮುಖದ ಮೇಲೆ ಒಂದು ಬಟ್ಟೆ ಹಿಡಿದು ಹನಿ ಹನಿಯಾಗಿ ಹಾಕಿದರೆ ಆಯಿತು.

ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಕ್ಲೋರೋಫಾರ್ಮಿನ ಕಟ್ಟಾ ಪಕ್ಷಪಾತಿ. ಉಸಿರನ್ನು ಗಮನಿಸುತ್ತಾ ಕೊಟ್ಟರೆ ಅದು ಯಾರನ್ನೂ ಕೊಲ್ಲದು, ಮೊದಲು ನಿಲ್ಲುವುದು ಉಸಿರೇ ಹೊರತು ಹೃದಯವಲ್ಲ ಎಂಬುದು ಅವರ ವಾದ. 1888ರಲ್ಲಿ ಒಂದು ಆಯೋಗ ಕುಳಿತು ಅವರ ಮಾತನ್ನೇ ಎತ್ತಿಹಿಡಿಯಿತು. ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆ ಲ್ಯಾನ್ಸೆಟ್ ಅದನ್ನು ಒಪ್ಪಲಿಲ್ಲ. ಆಗ ನಿಜಾಮ ಮೀರ್ ಮಹಬೂಬ್ ಅಲಿ ಖಾನರು 1000 ಪೌಂಡು ಕೊಟ್ಟು, ಪತ್ರಿಕೆಯೇ ಒಬ್ಬ ತಜ್ಞರನ್ನು ಕಳುಹಿಸಲಿ ಎಂದರು. 1889ರಲ್ಲಿ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗಗಳು ನಡೆದವು. ಅಲ್ಲಿನ ವೈದ್ಯಶಾಲೆಯಲ್ಲಿ ತರಬೇತಿ ಪಡೆದ ರೂಪಾಬಾಯಿ ಫರ್ದೂಂಜಿ ಎಂಬ ಪಾರ್ಸಿ ಮಹಿಳೆಯೂ ಈ ಕೆಲಸದಲ್ಲಿ ಪಾಲ್ಗೊಂಡಿದ್ದರು. ಲೋಕದ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರನ್ನು ಎಣಿಸುತ್ತಾರೆ. ಕೊನೆಗೆ ಅನುಮಾನದಿಂದ ಬಂದಿದ್ದ ಬ್ರಂಟನ್ನರೂ ಲಾರಿಯವರ ಪಕ್ಷಕ್ಕೇ ಒಲಿದರು.

ಬೀದರ, ಕಲಬುರಗಿ, ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು, 1948ರವರೆಗೂ ಇದ್ದವು. ನಮ್ಮ ನಡುವೆ ಆ ಭಾಗದ ಕುಟುಂಬಗಳಿವೆ. ಇಂದು ಕಲ್ಯಾಣ ಕರ್ನಾಟಕ ಎಂದು ಕರೆಯುವ ಆ ಸೀಮೆಯವರ ರಾಜಧಾನಿಯಲ್ಲಿ ನಡೆದ ಪ್ರಯೋಗ ಲಂಡನ್ನು, ಎಡಿನ್‌ಬರೋಗಳಲ್ಲಿ ಚರ್ಚೆಯಾಯಿತು ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಆಯೋಗದ ತೀರ್ಮಾನ ಪೂರ್ತಿ ನಿಲ್ಲಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬುವರು, ಅರೆನಿದ್ದೆಯ ಕ್ಲೋರೋಫಾರ್ಮಿನಲ್ಲಿ ಹೃದಯ ಲಯ ತಪ್ಪಿ ಥಟ್ಟನೆ ನಿಲ್ಲಬಲ್ಲದೆಂದು ತೋರಿಸಿದರು. ಹೆದರಿದ ರೋಗಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಇದರಿಂದ ಒಂದು ಮಾತು ಸ್ಪಷ್ಟವಾಯಿತು. ಕೆಟ್ಟ ಕ್ಲೋರೋಫಾರ್ಮ್ ಅಪಾಯಕಾರಿ, ನಿಜ. ಆದರೆ ಚೆನ್ನಾಗಿ ಕಾದಿಟ್ಟ ಒಳ್ಳೆಯ ಕ್ಲೋರೋಫಾರ್ಮೂ ಕೊಲ್ಲಬಲ್ಲದು. ಎಲ್ಲ ಸಾವಿಗೂ ಸೀಸೆಯನ್ನೇ ದೂರುವುದು ಎಷ್ಟು ತಪ್ಪೋ, ಸೀಸೆಯನ್ನು ನೋಡದೇ ಇರುವುದೂ ಅಷ್ಟೇ ತಪ್ಪು.

ಅಡುಗೆಮನೆಯ ಓಮದ ನಂಟು

ಬೆಂಕಿ ಹತ್ತದ, ಹೃದಯಕ್ಕೂ ಅಷ್ಟು ಹಿಂಸೆ ಕೊಡದ ಔಷಧಕ್ಕಾಗಿ ಹುಡುಕಾಟ ಮುಂದುವರಿಯಿತು. 1951ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಸಕ್ಲಿಂಗ್ ಎಂಬ ರಸಾಯನಶಾಸ್ತ್ರಜ್ಞ ಹ್ಯಾಲೋಥೇನ್ ತಯಾರಿಸಿದರು. 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೈಕೆಲ್ ಜಾನ್‌ಸ್ಟನ್ ಅದನ್ನು ರೋಗಿಗಳಿಗೆ ಕೊಟ್ಟರು. ಮುಂದೆ ಹಲವು ದಶಕಗಳ ಕಾಲ ಭಾರತದ ಆಸ್ಪತ್ರೆಗಳಲ್ಲೂ ಅದು ಮನೆಮಾತಾಯಿತು.

ಹ್ಯಾಲೋಥೇನೂ ಬೆಳಕಿಗೆ ಒಡೆಯುತ್ತದೆ. ಅದಕ್ಕೂ ಕಂದು ಸೀಸೆ ಬೇಕು, ಒಬ್ಬ ಕಾವಲುಗಾರನೂ ಬೇಕು. ಆ ಕಾವಲುಗಾರನ ಹೆಸರು ಥೈಮಾಲ್, ಪ್ರಮಾಣ ನೂರಕ್ಕೆ 0.01. ಥೈಮಾಲ್ ಎಂದರೆ ನಮಗೆ ಹೊಸದಲ್ಲ. ಓಮದ ಕಾಳನ್ನು ಅಂಗೈಯಲ್ಲಿ ಉಜ್ಜಿ ಮೂಸಿದರೆ ಬರುವ ಘಾಟು ಥೈಮಾಲಿನದೇ. ಮಕ್ಕಳಿಗೆ ಹೊಟ್ಟೆನೋವು ಬಂದರೆ ಕುಡಿಸುವ ಓಮದ ನೀರಿನಲ್ಲಿರುವುದೂ ಅದೇ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಭಾರತದಿಂದ ಓಮದ ಕಾಳು ಜರ್ಮನಿಗೆ ಹೋಗಿ, ಅಲ್ಲಿ ಅದರಿಂದ ಥೈಮಾಲ್ ತೆಗೆಯುತ್ತಿದ್ದರು. ಆಮೇಲೆ ಕಾರ್ಖಾನೆಯಲ್ಲೇ ಅದನ್ನು ತಯಾರಿಸಲು ಕಲಿತರು.

ಈ ಕಾವಲುಗಾರನದೂ ಒಂದು ತಂಟೆಯಿತ್ತು. ಹ್ಯಾಲೋಥೇನ್ ಆವಿಯಾಗುತ್ತದೆ, ಥೈಮಾಲ್ ಆಗುವುದಿಲ್ಲ. ಹಾಗಾಗಿ ಆವಿ ಮಾಡುವ ಯಂತ್ರದ ಒಳಗೆ ಅದು ಅಂಟಿನಂತೆ ಕೂತು ಹಳದಿ ಬಣ್ಣ ತಿರುಗುತ್ತಿತ್ತು. ಯಂತ್ರವನ್ನು ಆಗಾಗ್ಗೆ ಬರಿದು ಮಾಡಿ ತೊಳೆಯಬೇಕಾಗಿತ್ತು. ಮುಂದೆ ಬಂದ ಐಸೋಫ್ಲುರೇನ್ ತಾನೇ ಗಟ್ಟಿಯಾಗಿ ನಿಲ್ಲುವ ವಸ್ತು. ಅದಕ್ಕೆ ಇಂಥ ಕಾವಲು ಬೇಕಾಗಲಿಲ್ಲ.

ದಂತವೈದ್ಯರ ಸೂಜಿ

ಮೈಯೆಲ್ಲ ಮರೆಸದೆ ಒಂದೇ ಜಾಗವನ್ನು ಜೋಮು ಹಿಡಿಸುವ ಔಷಧಗಳ ಕಥೆ 1884ರಲ್ಲಿ ಶುರುವಾಗುತ್ತದೆ. ವಿಯೆನ್ನಾದ ಕಾರ್ಲ್ ಕೋಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ದ್ರಾವಣ ಬಳಸಬಹುದೆಂದು ತೋರಿಸಿದರು. ಚಟ ಹಿಡಿಸುವ ದೋಷ ಒಂದು ಕಡೆಯಾದರೆ, ಆ ದ್ರಾವಣ ನಿಲ್ಲುತ್ತಿರಲಿಲ್ಲ ಎಂಬುದು ಇನ್ನೊಂದು. ಇಟ್ಟರೆ ಬೂಷ್ಟು ಬೆಳೆಯುತ್ತಿತ್ತು. ಕ್ರಿಮಿ ಕೊಲ್ಲಲು ಕುದಿಸಿದರೆ ಔಷಧವೇ ಒಡೆಯುತ್ತಿತ್ತು.

ಜರ್ಮನಿಯ ಆಲ್‌ಫ್ರೆಡ್ ಐನ್‌ಹಾರ್ನ್ ತಯಾರಿಸಿದ ಪ್ರೊಕೇನ್ 1905ರಲ್ಲಿ ನೊವೊಕೇನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಕೊಕೇನಿಗಿಂತ ಎಷ್ಟೋ ವಾಸಿ. ಆದರೂ ಅದರ ಅಣುವಿನಲ್ಲಿ ಎಸ್ಟರ್ ಎಂಬ ಕೊಂಡಿಯಿತ್ತು. ಅದು ನೀರಿನಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುವ ಕೊಂಡಿ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ತಯಾರಿಸಿದ ಲಿಡೋಕೇನಿನಲ್ಲಿ ಅಮೈಡ್ ಎಂಬ ಬಿಗಿಯಾದ ಕೊಂಡಿ. ಅದನ್ನು ಉಗಿಯ ಪಾತ್ರೆಯಲ್ಲಿಟ್ಟು ಕ್ರಿಮಿಶುದ್ಧಿ ಮಾಡಬಹುದು, ಕಪಾಟಿನಲ್ಲಿ ವರ್ಷಗಟ್ಟಲೆ ಇಡಬಹುದು. ಇಲ್ಲಿನ ದಂತವೈದ್ಯರ ಕುರ್ಚಿಯಲ್ಲಿ ಕುಳಿತ ಜನ ಇನ್ನೂ ಬಾಯಿಮಾತಿಗೆ ನೊವೊಕೇನ್ ಎನ್ನುತ್ತಾರೆ. ಅವರಿಗೆ ಸಾಮಾನ್ಯವಾಗಿ ಸಿಗುವುದು ಲಿಡೋಕೇನ್ ಅಥವಾ ಅದರ ಸೋದರ ಔಷಧ. ರಕ್ತ ಸೋರದಂತೆ ಅದರ ಜೊತೆ ಬೆರೆಸುವ ಅಡ್ರಿನಲಿನ್ ಮಾತ್ರ ಸೂಕ್ಷ್ಮ. ಗಾಳಿ, ಬೆಳಕಿಗೆ ಅದು ಕೆಡುತ್ತದೆ. ಬಣ್ಣ ತಿರುಗಿದ ಸೂಜಿಮದ್ದನ್ನು ಎಸೆಯುವುದು ಇದಕ್ಕೇ.

ರಕ್ತದ ಮಾದರಿ ಸುಮ್ಮನೆ ಕೂರುವುದಿಲ್ಲ

ಇಷ್ಟು ಹೊತ್ತು ಔಷಧದ ಸೀಸೆಯ ಮಾತಾಯಿತು. ಇನ್ನು ಇನ್ನೊಂದು ಸೀಸೆಯ ಮಾತು. ರೋಗಿಯಿಂದಲೋ, ಸತ್ತವರ ದೇಹದಿಂದಲೋ ತೆಗೆದ ರಕ್ತದ ಮಾದರಿಯಲ್ಲಿ ಎಷ್ಟು ಔಷಧವಿತ್ತು ಎಂದು ಪರೀಕ್ಷಿಸಬೇಕಾದರೆ, ಪರೀಕ್ಷೆಯ ಹೊತ್ತಿಗೆ ಅದು ಅಲ್ಲಿ ಉಳಿದಿರಬೇಕಲ್ಲ?

ನಮ್ಮಲ್ಲಿ ಅನೇಕರು ಸಕ್ಕರೆ ಕಾಯಿಲೆಗೆ ರಕ್ತ ಕೊಟ್ಟವರೇ. ಆಗ ಬೂದು ಬಣ್ಣದ ಮುಚ್ಚಳದ ಕೊಳವೆಯನ್ನು ನೋಡಿರಬಹುದು. ರಕ್ತ ಮೈಯಿಂದ ಹೊರಗೆ ಬಂದಮೇಲೂ ಅದರ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಅದನ್ನು ತಡೆಯಲು ಆ ಕೊಳವೆಯಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಅದೇ ಫ್ಲೋರೈಡ್ ಇನ್ನೊಂದು ಕೆಲಸಕ್ಕೂ ಬರುತ್ತದೆ. ಎಸ್ಟರ್ ಕೊಂಡಿಯನ್ನು ಕತ್ತರಿಸುವ ಕಿಣ್ವಗಳು ರಕ್ತದಲ್ಲಿವೆ. ಕೊಕೇನ್, ಪ್ರೊಕೇನ್‌ಗಳನ್ನು ಅವು ಕೊಳವೆಯೊಳಗೂ ಕತ್ತರಿಸುತ್ತಲೇ ಇರುತ್ತವೆ. ಫ್ಲೋರೈಡ್ ಹಾಕದೆ ಬೆಚ್ಚಗಿನ ಕೋಣೆಯಲ್ಲಿಟ್ಟ ರಕ್ತದಲ್ಲಿ ಕೊಕೇನ್ ದಿನದಿಂದ ದಿನಕ್ಕೆ ಕರಗಿಹೋಗುತ್ತದೆ. ಫ್ಲೋರೈಡ್ ಹಾಕಿ ತಣ್ಣಗಿಟ್ಟರೆ ಬಹಳ ಕಾಲ ಉಳಿಯುತ್ತದೆ. ಕೊಕೇನ್ ಒಡೆದಾಗ ಹುಟ್ಟುವ ಚೂರುಗಳನ್ನೂ ಜೊತೆಯಲ್ಲೇ ಹುಡುಕುವುದು ಪ್ರಯೋಗಾಲಯಗಳ ವಾಡಿಕೆಯಾದದ್ದು ಇದರಿಂದಲೇ.

ಕ್ಲೋರೋಫಾರ್ಮ್, ಹ್ಯಾಲೋಥೇನ್‌ಗಳ ಸಂಕಟ ಬೇರೆ. ಅವು ಒಡೆಯುವುದಕ್ಕಿಂತ ಹೆಚ್ಚಾಗಿ ಹಾರಿಹೋಗುತ್ತವೆ. ಅರ್ಧ ತುಂಬಿದ ಕೊಳವೆಯಲ್ಲಿ ಮೇಲಿನ ಖಾಲಿ ಜಾಗಕ್ಕೆ ಏರುತ್ತವೆ, ಮುಚ್ಚಳ ತೆಗೆದೊಡನೆ ಹೊರಟುಹೋಗುತ್ತವೆ. ರಬ್ಬರ್ ಮುಚ್ಚಳವಾದರೆ ಹ್ಯಾಲೋಥೇನನ್ನು ಅದೇ ಹೀರಿಕೊಳ್ಳುತ್ತದೆ. ಹೀಗಾಗಿ ಇಂಥ ಮಾದರಿಯನ್ನು ಕೊಳವೆಯ ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ತಕ್ಷಣ ತಂಪಿಗೆ ಸೇರಿಸಬೇಕು.

ಈ ಪರೀಕ್ಷೆಗೆ ಹಾದಿ ತೋರಿಸಿದವರಲ್ಲಿ ರಾಣಿಯ ಹೆರಿಗೆಗೆ ಹೋಗಿದ್ದ ಜಾನ್ ಸ್ನೋ ಅವರೂ ಒಬ್ಬರು. ಅಂಗಾಂಶವನ್ನು ಕಾಯಿಸಿ, ಬಂದ ಆವಿಯನ್ನು ಕೆಂಪಗೆ ಕಾದ ಕೊಳವೆಯ ಮೂಲಕ ಹಾಯಿಸಿ, ಬಿಡುಗಡೆಯಾದ ಕ್ಲೋರೀನನ್ನು ಸಿಲ್ವರ್ ನೈಟ್ರೇಟಿನಿಂದ ಗುರುತಿಸಿದರು. ಬಿಳಿಯ ಮೋಡದಂತೆ ಕದಡಿದರೆ ಕ್ಲೋರೋಫಾರ್ಮ್ ಇತ್ತೆಂದು ಅರ್ಥ.

ನ್ಯಾಯಾಲಯದ ಮೆಟ್ಟಿಲಲ್ಲಿ

ಮಾದರಿಯ ಈ ಸೂಕ್ಷ್ಮದ ಮೇಲೆ ಮನುಷ್ಯರ ಪ್ರಾಣವೇ ನಿಂತದ್ದೂ ಉಂಟು. 1886ರ ಜನವರಿ 1ರಂದು ಲಂಡನ್ನಿನ ಪಿಮ್ಲಿಕೋದಲ್ಲಿ ಎಡ್ವಿನ್ ಬಾರ್ಟ್‌ಲೆಟ್ ಎಂಬ ದಿನಸಿ ವ್ಯಾಪಾರಿ ಸತ್ತು ಬಿದ್ದಿದ್ದ. ಹೊಟ್ಟೆಯಲ್ಲಿ ದ್ರವರೂಪದ ಕ್ಲೋರೋಫಾರ್ಮ್ ಸಿಕ್ಕಿತು. ಆದರೆ ಸುಡುವ ಆ ದ್ರವ ಇಳಿದ ಗುರುತು ಗಂಟಲಲ್ಲಿ ಇರಲಿಲ್ಲ. ಹಾರಿಹೋಗುವ ವಸ್ತುವಾದ್ದರಿಂದ ಸಿಕ್ಕಿದ ಪ್ರಮಾಣದಿಂದ ಕುಡಿದ ಪ್ರಮಾಣವನ್ನು ಲೆಕ್ಕ ಹಾಕುವುದೂ ಕಷ್ಟ. ಕೊಲೆಯ ಆರೋಪ ಹೊತ್ತ ಹೆಂಡತಿ ಅಡಿಲೇಡ್ ಏಪ್ರಿಲ್‌ನಲ್ಲಿ ಬಿಡುಗಡೆಯಾದಳು. ಅದು ಒಳಗೆ ಹೋದದ್ದು ಹೇಗೆಂದು ಇಂದಿಗೂ ವಾದವಿದೆ.

ಇನ್ನೊಂದು ಪ್ರಕರಣ ಈ ದೇಶದ್ದೇ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಕೊಡುತ್ತಾರೆ. ಇದೂ ಎಸ್ಟರ್ ಕೊಂಡಿಯದು. ರಕ್ತಕ್ಕೆ ಸೇರಿದ ಕೆಲವೇ ನಿಮಿಷಗಳಲ್ಲಿ ಒಡೆದು, ದೇಹದಲ್ಲಿ ಮೊದಲೇ ಇರುವ ಸಕ್ಸಿನಿಕ್ ಆಮ್ಲ ಮತ್ತು ಕೋಲಿನ್ ಆಗಿಬಿಡುತ್ತದೆ. ಗುರುತು ಉಳಿಸದ ಔಷಧವೆಂದು ಅದಕ್ಕೆ ಕುಖ್ಯಾತಿ. 1965ರ ಆಗಸ್ಟಿನಲ್ಲಿ ಫ್ಲಾರಿಡಾದಲ್ಲಿ ಕಾರ್ಮೆಲಾ ಕೊಪೊಲಿನೊ ಎಂಬ ವೈದ್ಯೆ ತೀರಿಕೊಂಡರು. ಗಂಡ ಕಾರ್ಲ್ ಅರಿವಳಿಕೆ ವೈದ್ಯ. ನ್ಯೂಜೆರ್ಸಿಯಲ್ಲಿ ಹೂಳಿದ್ದ ದೇಹವನ್ನು ಕೆಲವು ತಿಂಗಳ ನಂತರ ಹೊರತೆಗೆದು ಪರೀಕ್ಷಿಸಿದರು. ಮಿದುಳಿನಲ್ಲಿ ಸಕ್ಸಿನಿಕ್ ಆಮ್ಲ ಇರಬೇಕಾದುದಕ್ಕಿಂತ ಹೆಚ್ಚು ಇದೆಯೆಂದು ನ್ಯೂಯಾರ್ಕಿನ ವಿಷತಜ್ಞರು ಸಾಕ್ಷಿ ಹೇಳಿದರು. ಅದನ್ನು ಒಪ್ಪದ ತಜ್ಞರೂ ಇದ್ದರು. 1967ರಲ್ಲಿ ಕಾರ್ಲ್‌ಗೆ ಎರಡನೆಯ ದರ್ಜೆಯ ಕೊಲೆಯ ಶಿಕ್ಷೆಯಾಯಿತು. 1979ರಲ್ಲಿ ಪೆರೋಲಿನ ಮೇಲೆ ಹೊರಬಂದರು.

ಮುಂದೆ ಅದೇ ಫ್ಲಾರಿಡಾದಲ್ಲಿ ಇನ್ನೊಬ್ಬ ವೈದ್ಯರ ಮೇಲೆ ಇದೇ ಬಗೆಯ ಆರೋಪ ಬಂದಿತು. 1991ರಲ್ಲಿ ಸತ್ತ ಹೆಂಡತಿಯ ಅಂಗಾಂಶವನ್ನು ವರ್ಷಗಳ ನಂತರ ಪರೀಕ್ಷಿಸಿ, ಸಕ್ಸಿನೈಲ್‌ಕೋಲಿನ್ ಅರ್ಧ ಒಡೆದಾಗ ಹುಟ್ಟುವ ಚೂರು ಸಿಕ್ಕಿತೆಂದರು. 2001ರಲ್ಲಿ ಶಿಕ್ಷೆಯಾಯಿತು. 2003ರಲ್ಲಿ ಮೇಲ್ಮನವಿ ನ್ಯಾಯಾಲಯ, ಆ ಪರೀಕ್ಷೆ ವಿಜ್ಞಾನಿಗಳ ಒಪ್ಪಿಗೆ ಪಡೆದದ್ದೆಂದು ಸಾಬೀತಾಗಿಲ್ಲವೆಂದು ತೀರ್ಪನ್ನು ರದ್ದುಮಾಡಿತು. ಆ ಔಷಧವನ್ನು ಎಂದೂ ಪಡೆಯದೆ ಸತ್ತವರ ಮಾದರಿಗಳಲ್ಲೂ ಅದೇ ಚೂರು ಕಾಣುತ್ತದೆಂಬುದು ಬೇರೆ ಪರೀಕ್ಷೆಗಳಿಂದ ಹೊರಬಂದಿತು. ಆತ ಮರುವಿಚಾರಣೆಗೆ ನಿಲ್ಲದೆ ಕಡಿಮೆ ಆರೋಪವೊಂದನ್ನು ಒಪ್ಪಿಕೊಂಡು ಬಿಡುಗಡೆಯಾದರು. ಅಲ್ಲಿ ನಿಜವಾಗಿ ನಡೆದದ್ದೇನು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ನಾವು ಗಮನಿಸಬೇಕಾದ್ದು ಎರಡು. ಇಟ್ಟ ಮಾದರಿಯಲ್ಲಿ ಇದ್ದದ್ದು ಮಾಯವಾಗಬಹುದು. ಇರದಿದ್ದದ್ದು ಕಾಣಿಸಿಕೊಳ್ಳಲೂಬಹುದು. ಮೊದಲನೆಯದರಿಂದ ಅಪರಾಧಿ ತಪ್ಪಿಸಿಕೊಳ್ಳಬಹುದು, ಎರಡನೆಯದರಿಂದ ನಿರಪರಾಧಿ ಸಿಕ್ಕಿಬೀಳಬಹುದು.

ನಮಗೇನು ಇದರಿಂದ?

ಸಕ್ಸಿನೈಲ್‌ಕೋಲಿನ್ ಇಂದಿಗೂ ಬಳಕೆಯಲ್ಲಿದೆ. ಅದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು. ಕೋಣೆಯ ಶಾಖದಲ್ಲಿ ಅದರ ಸೀಸೆ ನಿಲ್ಲುವುದು ಹೆಚ್ಚೆಂದರೆ 14 ದಿನ. ಇಲ್ಲಿನ ಆಸ್ಪತ್ರೆಗಳಲ್ಲಿ ಇದು ದೊಡ್ಡ ಸಂಗತಿಯಲ್ಲ. ಬೇಸಿಗೆಯಲ್ಲಿ ಕರೆಂಟು ಕೈಕೊಡುವ ಊರಿನ ಸಣ್ಣ ಆಸ್ಪತ್ರೆಯಲ್ಲಿ ಇದು ದೊಡ್ಡ ಸಂಗತಿ. ಊರಿನ ಆಸ್ಪತ್ರೆಗೆ ಏನಾದರೂ ಕೊಡಬೇಕೆಂದು ನಮ್ಮ ಸದಸ್ಯರು ಹಣ ಕೂಡಿಸುವಾಗ ಎಲ್ಲರ ಮನಸ್ಸು ಹೋಗುವುದು ಫಲಕ ಹಾಕಬಹುದಾದ ದೊಡ್ಡ ಯಂತ್ರಗಳ ಕಡೆಗೆ. ಔಷಧ ಇಡಲು ಒಂದು ಒಳ್ಳೆಯ ಫ್ರಿಜ್ಜು, ಅದಕ್ಕೊಂದು ಬ್ಯಾಟರಿ, ಒಳಗೊಂದು ಥರ್ಮಾಮೀಟರು ಕೊಟ್ಟರೂ ಅದು ಸಣ್ಣ ದಾನವಲ್ಲ ಎಂದು ನಮ್ಮ ಅನಿಸಿಕೆ.

ಮನೆಯ ಮಟ್ಟಿಗೂ ಇದು ಅನ್ವಯಿಸುತ್ತದೆ. ಊರಿಗೆ ಹೊರಟಾಗ ಅಪ್ಪ, ಅಮ್ಮ, ಅತ್ತೆ, ಮಾವಂದಿರಿಗೆಂದು ಔಷಧಗಳನ್ನು ಸೂಟ್‌ಕೇಸಿನಲ್ಲಿ ತುಂಬುವವರು ನಾವು. ಜಾಗ ಉಳಿಸಲು ಕಂದು ಡಬ್ಬಿಯಿಂದ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಸುರಿಯುವುದು, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇನ್ಸುಲಿನ್ ಬಿಡುವುದು, ಬಚ್ಚಲುಮನೆಯ ಹಬೆಯಲ್ಲಿ ಮಾತ್ರೆ ಇಡುವುದು ಇವೆಲ್ಲ ಬೇಡ. ಆ ಕಂದು ಬಣ್ಣ ಅಲಂಕಾರಕ್ಕಲ್ಲ. ಹ್ಯಾನಾ ಗ್ರೀನರ್ ಕಾಲದ ಸಾವುಗಳ ಚರ್ಚೆ, ಸ್ಕ್ವಿಬ್ಬರ ಸುಟ್ಟ ರೆಪ್ಪೆ, ಹೈದರಾಬಾದಿನ ಪ್ರಯೋಗ ಇವೆಲ್ಲ ನಡೆದ ನೂರೆಪ್ಪತ್ತು ವರ್ಷಗಳಲ್ಲಿ ಜನ ಕಷ್ಟಪಟ್ಟು ಕಲಿತ ಪಾಠಗಳೇ ಇಂದು ಔಷಧದ ಚೀಟಿಯ ಮೇಲೆ "ತಂಪಾದ, ಬೆಳಕು ಬೀಳದ ಜಾಗದಲ್ಲಿಡಿ" ಎಂಬ ಒಂದು ಸಾಲಾಗಿ ಕೂತಿವೆ. ಮುಂದಿನ ಸಲ ಆ ಸಾಲು ಕಣ್ಣಿಗೆ ಬಿದ್ದಾಗ ಒಂದು ಗಳಿಗೆ ನಿಂತು ಓದೋಣ, ಮಕ್ಕಳಿಗೂ ಅದರ ಕಥೆ ಹೇಳೋಣ.